ಡಾರ್ಟ್‌ಮೂರ್ ಬೆಟ್ಟದಲ್ಲಿ 3000 ವರ್ಷಕ್ಕೂ ಹಳೇ ದುಂಡು ಮನೆ ಗುರುತಿಸೋದು ಹೇಗೆ? ಮೊದಲು ಬಾಗಿಲು ಹುಡುಕಿ

ಇಂಗ್ಲೆಂಡಲ್ಲಿರೋ ನಮ್ಮ ಕನ್ನಡದವರು ಲಾಂಗ್ ವೀಕೆಂಡ್ ಸಿಕ್ತು ಅಂದ್ರೆ ಡೆವನ್ ಕಡೆ ಟ್ರಿಪ್ ಹಾಕ್ತಾರೆ, ವಾಪಸ್ ಬಂದ್ಮೇಲೆ ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಮ್ಯಾಪಲ್ಲಿ ಹಟ್ ಸರ್ಕಲ್ ಅಂತ ಬರ್ದಿತ್ತು, ಅಲ್ಲಿಗೇ ಹೋದ್ವಿ, ಕಲ್ಲು ಬಿಟ್ರೆ ಏನೂ ಕಾಣ್ಲಿಲ್ಲ, ಮನೆ ಎಲ್ಲಿದೆ?" ಊರಿಂದ ಅಪ್ಪ ಅಮ್ಮನ್ನ ಕರ್ಕೊಂಡು ಹೋದವರೂ ಇದನ್ನೇ ಕೇಳ್ತಾರೆ, ವಾರಾವಾರ ಟ್ರೆಕ್ಕಿಂಗ್ ಮಾಡೋ ಹುಡುಗರೂ ಇದನ್ನೇ ಕೇಳ್ತಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅಂತ ಇದನ್ನ ಬರೀತಿದೀನಿ.

ಮೊದಲಿಗೆ ಡಾರ್ಟ್‌ಮೂರ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ: ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಕೌಂಟಿಯಲ್ಲಿರೋ ಗ್ರಾನೈಟ್ ಎತ್ತರದ ನೆಲ, 1951ರಿಂದ ನ್ಯಾಷನಲ್ ಪಾರ್ಕ್, ವಿಸ್ತೀರ್ಣ 954 ಚದರ ಕಿಲೋಮೀಟರ್, ಅತಿ ಎತ್ತರದ ಜಾಗ ಹೈ ವಿಲ್‌ಹೇಸ್ 621 ಮೀಟರ್. ಎತ್ತರ ನಮ್ಮ ಲೆಕ್ಕದಲ್ಲಿ ದೊಡ್ಡದೇನಲ್ಲ, ಆದ್ರೆ ಮರ ಇಲ್ಲ, ಗಾಳಿ ಜೋರು, ಮಂಜು ಯಾವಾಗ ಇಳಿಯತ್ತೆ ಹೇಳಕ್ಕಾಗಲ್ಲ. ಈ ಬೋಳು ಬೆಟ್ಟದ ಮೇಲೆ ಸುಮಾರು 5000 ದುಂಡು ಮನೆಗಳ ಬುಡ ಉಳ್ಕೊಂಡಿದೆ, ಮ್ಯಾಪಲ್ಲಿ ಹಟ್ ಸರ್ಕಲ್ ಅಂತ ಬರೆದಿರೋದು ಇವನ್ನೇ. ಹೆಚ್ಚಿನವು ಕಂಚಿನ ಯುಗದ್ದು, ಅಂದ್ರೆ ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದ್ದು. ಒಂದೇ ಬೆಟ್ಟದ ಸೀಮೆಯಲ್ಲಿ ಇಷ್ಟೊಂದು ಹಳೇ ಮನೆ ನೆಲದ ಮೇಲೇ ಕಣ್ಣಿಗೆ ಕಾಣೋ ಹಾಗೆ ಉಳಿದಿರೋದು ಯೂರೋಪಲ್ಲೇ ಅಪರೂಪ, ಅದಕ್ಕೇ ಹೋದವರು ಕಾಣ್ದೆ ವಾಪಸ್ ಬರೋದು ನಂಗೆ ನಿಜವಾಗ್ಲೂ ಬೇಜಾರು.

ಕಾಣದೇ ಇರೋಕೆ ಕಾರಣ ಕಣ್ಣಲ್ಲ, ಅಭ್ಯಾಸ. ನಮ್ಮ ಕಡೆ ಗುಡ್ಡದ ಮೇಲೆ ದುಂಡಗೆ ಕಲ್ಲು ನೆಟ್ಟಿದ್ರೆ ಅದು ಸಾಮಾನ್ಯವಾಗಿ ಗೋರಿ. ಕೊಪ್ಪಳ ಜಿಲ್ಲೆ ಹಿರೇಬೆಣಕಲ್ ಗುಡ್ಡದಲ್ಲಿ ಜನ ಮೋರ್ಯರ ಮನೆ ಅಂತ ಕರೆಯೋ ಚಪ್ಪಡಿ ಕಲ್ಲಿನ ಕೋಣೆಗಳು ಹೆಸರಿಗೆ ಮನೆ, ಅಸಲಿಗೆ ಸಮಾಧಿ. ಡಾರ್ಟ್‌ಮೂರಲ್ಲಿ ಇದು ಉಲ್ಟಾ. ಇಲ್ಲೂ ಗೋರಿಗಳಿವೆ, ಆದ್ರೆ ಬಾಗಿಲಿರೋ ಕಲ್ಲಿನ ದುಂಡು ಕಂಡ್ರೆ ಅದು ಜನ ಅಡುಗೆ ಮಾಡಿ, ಉಂಡು, ಮಲಗಿದ್ದ ಮನೆ. ಆ "ಬಾಗಿಲಿರೋ" ಅನ್ನೋ ಮಾತು ಇಡೀ ಲೇಖನದಲ್ಲಿ ಮುಖ್ಯ, ಅದನ್ನ ಮಾತ್ರ ಮರೀಬೇಡಿ.

ಏನೇನು ಬೇಕು

- ಆರ್ಡನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಮ್ಯಾಪ್, ನಂಬರ್ ಓಎಲ್ 28. ಕಾಗದದ್ದೇ ತಗೊಳ್ಳಿ, ಫೋನಲ್ಲೂ ಇಟ್ಕೊಳ್ಳಿ ಆದ್ರೆ ಫೋನೊಂದನ್ನೇ ನಂಬಬೇಡಿ, ಬೆಟ್ಟದ ಮೇಲೆ ಸಿಗ್ನಲ್ ಬಂದು ಬಂದು ಹೋಗತ್ತೆ, ಚಳಿಗೆ ಬ್ಯಾಟರಿನೂ ಬೇಗ ಇಳಿಯತ್ತೆ
- ದಿಕ್ಸೂಚಿ, ಅಂದ್ರೆ ಕಂಪಾಸ್. ದಾರಿಗೂ ಬೇಕು, ಬಾಗಿಲು ಯಾವ ದಿಕ್ಕಿಗಿದೆ ಅಂತ ನೋಡೋಕೂ ಬೇಕು
- ಹತ್ತು ಮೀಟರಿನ ಟೇಪು, ಇಲ್ಲದಿದ್ರೆ ನಿಮ್ಮ ಹೆಜ್ಜೆ ಎಷ್ಟುದ್ದ ಅಂತ ಮನೇಲೇ ಅಳೆದಿಟ್ಕೊಳ್ಳಿ
- ನೀರು ನುಗ್ಗದ ಬೂಟು, ಮಳೆ ಜಾಕೆಟ್ಟು, ಒಂದು ಜೊತೆ ಎಕ್ಸ್ಟ್ರಾ ಸಾಕ್ಸು
- ಫ್ಲಾಸ್ಕಲ್ಲಿ ಕಾಫಿ, ಬುತ್ತಿ. ಬೆಟ್ಟದ ಮೇಲೆ ಅಂಗಡಿ ಇಲ್ಲ

ಛತ್ರಿ ಬೇಡ, ಆ ಗಾಳಿಗೆ ನಿಲ್ಲಲ್ಲ.

1. ಕಾಲ ಸರಿಯಾಗಿ ಆರಿಸ್ಕೊಳ್ಳಿ

ಬಹಳ ಜನ ಎಡವೋದು ಇಲ್ಲೇ. ಜುಲೈ ಆಗಸ್ಟಲ್ಲಿ ರಜೆ ಅಂತ ಹೋಗ್ತಾರೆ, ಆಗ ಬ್ರ್ಯಾಕನ್ ಅನ್ನೋ ಜರಿಗಿಡ ಸೊಂಟದ ಮಟ್ಟ ಬೆಳೆದು ಇಳಿಜಾರೆಲ್ಲ ಮುಚ್ಚಿರತ್ತೆ, ಅದರೊಳಗೆ ಮೊಣಕಾಲೆತ್ತರದ ಗೋಡೆ ಎಲ್ಲಿಂದ ಕಾಣಬೇಕು. ಫೆಬ್ರವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಹೋಗಿ, ಜರಿಗಿಡ ಒಣಗಿ ನೆಲಕ್ಕೆ ಮಲಗಿರತ್ತೆ, ಹುಲ್ಲು ಗಿಡ್ಡ ಇರತ್ತೆ. ನವೆಂಬರ್ ಕೊನೆನೂ ಪರವಾಗಿಲ್ಲ, ಆದ್ರೆ ಆಗ ಹಗಲು ಚಿಕ್ಕದು, ಡಿಸೆಂಬರಲ್ಲಂತೂ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರ್ತಾನೆ.

ದಿನದಲ್ಲಿ ಬೆಳಗ್ಗೆ ಬೇಗ ಇಲ್ಲ ಸಂಜೆ ಹೊತ್ತು ನೋಡ್ಬೇಕು. ಓರೆ ಬಿಸಿಲಿಗೆ ನೆಲದ ಸಣ್ಣ ಉಬ್ಬು ತಗ್ಗಿಗೂ ನೆರಳು ಬೀಳತ್ತೆ, ನಡು ಮಧ್ಯಾಹ್ನ ಸಪ್ಪಟೆ ಕಾಣೋ ಜಾಗದಲ್ಲಿ ಸಂಜೆ ದುಂಡು ದುಂಡು ಎದ್ದು ಕಾಣಕ್ಕೆ ಶುರು ಆಗತ್ತೆ. ತೆಳ್ಳಗೆ ಹಿಮ ಬಿದ್ದಾಗ ಇನ್ನೂ ಚೆನ್ನ, ಆದ್ರೆ ಆ ರಸ್ತೆಗಳಲ್ಲಿ ಹಿಮಕ್ಕೆ ಕಾರ್ ಓಡಿಸಿ ಅಭ್ಯಾಸ ಇಲ್ಲದವರು ಆ ಸಾಹಸಕ್ಕೆ ಹೋಗ್ಬೇಡಿ.

ಬೇಸಿಗೇಲೇ ಹೋಗಲೇಬೇಕು ಅನ್ನೋರಿಗೆ ಇನ್ನೊಂದು ಮಾತು, ಜರಿಗಿಡದಲ್ಲಿ ಉಣುಗು ಇರತ್ತೆ. ಮಂಗನ ಕಾಯಿಲೆ ಕಂಡಿರೋ ಮಲೆನಾಡಿನವರಿಗೆ ಉಣುಗು ಅಂದ್ರೆ ಹೇಳಬೇಕಾಗಿಲ್ಲ, ಇಲ್ಲಿ ಅದರಿಂದ ಬರೋದು ಲೈಮ್ ಅನ್ನೋ ಬೇರೆ ರೋಗ. ಪ್ಯಾಂಟಿನ ತುದಿ ಸಾಕ್ಸೊಳಗೆ ಸೇರಿಸಿ ನಡೀರಿ, ಮನೆಗೆ ಬಂದ್ಮೇಲೆ ಮಕ್ಕಳ ಮೊಣಕಾಲ ಹಿಂಭಾಗ, ಕಂಕುಳು, ಕೂದಲ ಬುಡ ನೋಡಿ. ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರದ ಥರ ಹರಡ್ತಾ ಹೋದ್ರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

2. ಮನೇಲಿ ಕೂತು ಕಣ್ಣು ಪಳಗಿಸ್ಕೊಳ್ಳಿ

ಹೊರಡೋ ಹಿಂದಿನ ದಿನ ಅರ್ಧ ಗಂಟೆ ಇದಕ್ಕೆ ಕೊಡಿ. ಗೂಗಲ್ ಮ್ಯಾಪಲ್ಲಿ ಸ್ಯಾಟಲೈಟ್ ಹಾಕಿ ಗ್ರಿಮ್ಸ್‌ಪೌಂಡ್ ಅಂತ ಹುಡುಕಿ. ದೊಡ್ಡ ದುಂಡು ಬೇಲಿ ಥರ ಒಂದು ಗೆರೆ, ಅದರೊಳಗೆ ಸಣ್ಣ ಸಣ್ಣ ಉಂಗುರ ಕಾಣತ್ತೆ. ಆ ಸಣ್ಣ ಉಂಗುರಗಳೇ ಮನೆಗಳು. ಅದನ್ನ ಕಣ್ಣಿಗೆ ಹತ್ತಿಸ್ಕೊಂಡ್ರೆ ಬೆಟ್ಟದ ಮೇಲೆ ಅರ್ಧ ಕೆಲಸ ಮುಗೀತು.

ಆಮೇಲೆ ಮ್ಯಾಪ್ ಬಿಡಿಸಿ. ಇದರಲ್ಲಿ ರೋಮನ್ನರಿಗೆ ಸೇರದ ಹಳೇ ಅವಶೇಷಗಳ ಹೆಸರನ್ನ ಹಳೇ ಕಾಲದ ಗಾಥಿಕ್ ಅಕ್ಷರದಲ್ಲಿ, ಅಂದ್ರೆ ಮೂಲೆ ಚೂಪು ಚೂಪಾಗಿರೋ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರ್ತಾರೆ. ಹಟ್ ಸರ್ಕಲ್ ಅಂದ್ರೆ ಮನೆಯ ಬುಡ, ಸೆಟಲ್‌ಮೆಂಟ್ ಅಂದ್ರೆ ಅಂಥ ಹಲವು ಮನೆ ಸೇರಿದ ಊರು, ಕೇರ್ನ್ ಅಂದ್ರೆ ಕಲ್ಲಿನ ಗುಡ್ಡೆ ಹಾಕಿದ ಗೋರಿ, ಸಿಸ್ಟ್ ಅಂದ್ರೆ ನೆಲದಲ್ಲಿ ಹೂತ ಕಲ್ಲುಪೆಟ್ಟಿಗೆ, ಸ್ಟೋನ್ ರೋ ಅಂದ್ರೆ ಸಾಲಾಗಿ ನೆಟ್ಟ ಕಲ್ಲು. ಮ್ಯಾಪಲ್ಲಿ ನಾಲ್ಕು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ ಒಂದು ಕಿಲೋಮೀಟರ್. ಅಲ್ಲಿ ಗೀಟಿರೋ ಚುಕ್ಕೆ ಎಷ್ಟೋ ಸಲ ಕಡ್ಡಿಪೆಟ್ಟಿಗೆ ಕಡ್ಡಿಯ ತಲೆಯಷ್ಟೂ ಇರಲ್ಲ, ಅದಕ್ಕೇ ಜನ ಇಪ್ಪತ್ತು ಮೀಟರ್ ಪಕ್ಕದಲ್ಲೇ ಹಾದು ಹೋಗಿ ಕಾಣ್ಲಿಲ್ಲ ಅಂತಾರೆ.

ಇನ್ನೂ ಆಸಕ್ತಿ ಇದ್ರೆ ಲೈಡಾರ್ ನೋಡಿ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯೋ ವಿಧಾನ ಅದು, ಗಿಡಗಂಟಿ ತೆಗೆದುಹಾಕಿ ಬರೀ ನೆಲದ ಮೈ ತೋರ್ಸತ್ತೆ. ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯವರ ಮ್ಯಾಪ್ ವೆಬ್‌ಸೈಟಲ್ಲಿ ಇಂಗ್ಲೆಂಡಿನ ಹಳೇ ಸರ್ವೆ ಮ್ಯಾಪ್ ಒಂದು ಕಡೆ, ಲೈಡಾರ್ ಇನ್ನೊಂದು ಕಡೆ ಇಟ್ಕೊಂಡು ಹೋಲಿಸಿ ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ.

3. ಮೊದಲ ಸಲಕ್ಕೆ ಗ್ರಿಮ್ಸ್‌ಪೌಂಡಿಗೇ ಹೋಗಿ

ಎಲ್ಲಿಗೆ ಮೊದಲು ಅಂತ ಕೇಳೋರಿಗೆ ನನ್ನ ಉತ್ತರ ಯಾವಾಗ್ಲೂ ಇದೇ. ಪೌಂಡ್ ಅಂದ್ರೆ ಇಲ್ಲಿ ದುಡ್ಡಲ್ಲ, ದನದ ದೊಡ್ಡಿ. ಗ್ರಿಮ್ ಅನ್ನೋದು ಹಳೇ ಸ್ಯಾಕ್ಸನ್ನರ ದೇವರು ವೋಡನ್‌ಗೆ ಇದ್ದ ಇನ್ನೊಂದು ಹೆಸರು ಅಂತ ಹೇಳ್ತಾರೆ, ಕಟ್ಟಿದವರು ಯಾರು ಅಂತ ಗೊತ್ತಿಲ್ಲದಾಗ ನಮ್ಮ ಜನ ಪಾಂಡವರ ಹೆಸರು ಇಟ್ಟ ಹಾಗೆ.

ಎಕ್ಸೆಟರಿಂದ ಮೋರ್ಟನ್‌ಹ್ಯಾಂಪ್‌ಸ್ಟೆಡ್‌ಗೆ ಬನ್ನಿ, ಅಲ್ಲಿಂದ ಪೋಸ್ಟ್‌ಬ್ರಿಡ್ಜ್ ಕಡೆ ಹೋಗೋ ಬಿ 3212 ರಸ್ತೆ ಹಿಡೀರಿ, ವಾರೆನ್ ಹೌಸ್ ಇನ್ ಅನ್ನೋ ಒಂಟಿ ಹೋಟೆಲ್ಲು ಬರೋ ಮುಂಚೆನೇ ಎಡಕ್ಕೆ ವಿಡಿಕಂಬ್ ಕಡೆ ಒಂದು ಸಣ್ಣ ರಸ್ತೆ ತಿರುಗತ್ತೆ. ಅದರಲ್ಲಿ ಎರಡು ಕಿಲೋಮೀಟರ್ ಆಸುಪಾಸು ಹೋದ್ರೆ ರಸ್ತೆ ಪಕ್ಕ ನಾಲ್ಕೈದು ಕಾರ್ ನಿಲ್ಲಿಸೋ ಜಾಗ, ಎಡಗಡೆ ಮೇಲಕ್ಕೆ ಕಲ್ಲು ಮೆಟ್ಟಿಲು. ಹತ್ತು ನಿಮಿಷ ಹತ್ತಿದ್ರೆ ಮುಂದೆ ಗೋಡೆ. ಗ್ರಿಡ್ ನಂಬರ್ ಎಸ್‌ಎಕ್ಸ್ 701 809, ಅಂದ್ರೆ ಮ್ಯಾಪಿನ ಚೌಕಗಳ ಲೆಕ್ಕದಲ್ಲಿ ಆ ಜಾಗದ ವಿಳಾಸ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡ್ಕೊಳ್ಳತ್ತೆ. ವಯಸ್ಸಾದವರನ್ನೂ ನಿಧಾನಕ್ಕೆ ಹತ್ತಿಸಬಹುದು, ಆದ್ರೆ ಗಾಲಿಕುರ್ಚಿಗೆ ದಾರಿ ಇಲ್ಲ.

ರಸ್ತೆ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಟ್ಟದ ಮೇಲೆ ರಸ್ತೆಗೆ ಬೇಲಿ ಇಲ್ಲ, ಕುದುರೆ ಮರಿ, ಕುರಿ, ದನ ರಸ್ತೆ ಮಧ್ಯನೇ ಮಲಗಿರ್ತವೆ, ಗಂಟೆಗೆ 40 ಮೈಲಿ ಮಿತಿ ಇರೋದು ಇದಕ್ಕೇ. ಕುದುರೆಗಳಿಗೆ ಬ್ರೆಡ್ಡು ಕ್ಯಾರೆಟ್ಟು ಏನೂ ಹಾಕ್ಬೇಡಿ, ಅದಕ್ಕೆ ನಿಷೇಧ ಇದೆ, ತಿಂಡಿ ಆಸೆಗೆ ಅವು ರಸ್ತೆಗೆ ಬಂದು ಗುದ್ದಿಸ್ಕೊಂಡು ಸಾಯ್ತವೆ.

ಮೇಲೆ ಹತ್ತಿದ ಕೂಡ್ಲೇ ಒಳಗೆ ನುಗ್ಗಬೇಡಿ. ಉತ್ತರಕ್ಕೆ ಹುಕ್ನಿ ಟಾರ್ ಅಂತ ಕಲ್ಲುಬಂಡೆಯ ಗುಡ್ಡ ಇದೆ, ಟಾರ್ ಅಂದ್ರೆ ಬೆಟ್ಟದ ನೆತ್ತಿಯ ಬಂಡೆಗುಂಪು, ಮೊದಲು ಅಲ್ಲಿಗೆ ಹತ್ತಿ ಕೆಳಗೆ ನೋಡಿ. ಸುಮಾರು 150 ಮೀಟರ್ ಅಗಲದ ಪೂರ್ತಿ ಸುತ್ತುಗೋಡೆ ಒಂದೇ ನೋಟಕ್ಕೆ ಸಿಗತ್ತೆ, ಒಳಗೆ 24 ಮನೆ ಬುಡ, ಒಂದು ಪಕ್ಕದಲ್ಲಿ ಗೋಡೆಯೊಳಗೇ ಹಾದು ಹೋಗೋ ಗ್ರಿಮ್ಸ್ ಲೇಕ್ ಅನ್ನೋ ಸಣ್ಣ ತೊರೆ. ಲೇಕ್ ಅಂತ ಹೆಸರು ನೋಡಿ ಕೆರೆ ಹುಡುಕಬೇಡಿ, ಈ ಕಡೆ ಹಳೇ ಮಾತಲ್ಲಿ ಅದು ಹಳ್ಳ. ಚಿತ್ರದುರ್ಗ ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿ ನೋಡಿದವರಿಗೆ ಇದರ ಲೆಕ್ಕಾಚಾರ ತಕ್ಷಣ ಹೊಳೆಯತ್ತೆ, ಸುತ್ತ ಬೇಲಿ, ಒಳಗೆ ಗುಡ್ಲು, ರಾತ್ರಿ ಜಾನುವಾರಿಗೂ ಒಳಗೇ ಜಾಗ, ನೀರು ಕೈಗೆಟುಕೋ ಹಾಗೆ. ಅವರಿಗೂ ಇವರಿಗೂ ಯಾವ ಸಂಬಂಧನೂ ಇಲ್ಲ, ದನ ಕುರಿ ಇಟ್ಕೊಂಡು ಬಯಲಲ್ಲಿ ಬದುಕೋರಿಗೆ ಬರೋ ಕಷ್ಟ ಒಂದೇ ಥರದ್ದು ಅಷ್ಟೇ.

4. ಗೋಡೆ ನೋಡೋದು

ಈಗ ಕೆಳಗಿಳಿದು ಯಾವುದಾದ್ರೂ ಒಂದು ಉಂಗುರದ ಹತ್ರ ನಿಲ್ಲಿ. ಮನೆ ಗೋಡೆ ಒಂದೇ ಸಾಲು ಕಲ್ಲಲ್ಲ, ಎರಡು ಸಾಲು. ಒಳಮುಖಕ್ಕೊಂದು ಸಾಲು, ಹೊರಮುಖಕ್ಕೊಂದು ಸಾಲು ಚಪ್ಪಡಿಗಳನ್ನ ನಿಲ್ಲಿಸಿ ಮಧ್ಯದಲ್ಲಿ ಮಣ್ಣು, ಸಣ್ಣ ಕಲ್ಲು ತುಂಬ್ತಿದ್ರು. ಗಾರೆ ಇಲ್ಲ. ಹೊರಗಿನ ಸಾಲು ಎಷ್ಟೋ ಕಡೆ ಬಿದ್ದು ಹುಲ್ಲೊಳಗೆ ಹೋಗಿದೆ, ಒಳಗಿನ ಸಾಲು ಗಟ್ಟಿಯಾಗಿ ನಿಂತಿರತ್ತೆ, ಹಾಗಾಗಿ ಮೊದಲು ಒಳಗಿನ ಸಾಲನ್ನ ಬೆರಳಲ್ಲಿ ತೋರಿಸ್ತಾ ಒಂದು ಸುತ್ತು ಬನ್ನಿ. ಗೋಡೆ ದಪ್ಪ ಒಂದು ಮೀಟರಿಂದ ಒಂದೂವರೆ ಮೀಟರ್, ಉಳಿದಿರೋ ಎತ್ತರ ಸಾಮಾನ್ಯವಾಗಿ ಮೊಣಕಾಲಿಂದ ಸೊಂಟದೊಳಗೆ.

ಮನೆಯ ಮೇಲ್ಭಾಗ ಮರ ಹುಲ್ಲಿನದು, ಅದು ಪೂರ್ತಿ ಕೊಳೆತು ಹೋಗಿದೆ. ಒಳಗೆ ಕಂಬ ನಿಲ್ಲಿಸಿ, ಗಳಗಳನ್ನ ಸುತ್ತಲೂ ಗೋಡೆಗೆ ಒರಗಿಸಿ ಮೇಲೆ ಹುಲ್ಲೋ ಜೊಂಡೋ ಹೊದಿಸಿದ ಶಂಕುವಿನ ಆಕಾರದ ಸೂರು ಅದು. ನೀವು ನೋಡ್ತಿರೋದು ಬರೀ ಬುಡ. "ಇಷ್ಟು ಗಿಡ್ಡ ಗೋಡೆಯಲ್ಲಿ ಹೇಗಿದ್ರು" ಅಂತ ಕೇಳೋರು ಸೂರಿನ ಎತ್ತರ ಸೇರಿಸಿ ಊಹಿಸ್ಕೊಬೇಕು.

ಟೇಪಲ್ಲಿ ಒಳಗಿನ ಅಡ್ಡಳತೆ ತಗೊಳ್ಳಿ. ಎರಡು ಮೀಟರ್ ಚಿಲ್ರೆಯ ಪುಟಾಣಿಗಳಿಂದ ಹತ್ತು ಮೀಟರ್ ಮೀರಿದವರೆಗೂ ಸಿಗತ್ತೆ. ಚಿಕ್ಕದೆಲ್ಲ ವಾಸದ ಮನೆ ಆಗಿರಲೇಬೇಕು ಅಂತಿಲ್ಲ, ಉಗ್ರಾಣ ಆಗಿರಬಹುದು, ಕರು ಕುರಿಮರಿ ಕಟ್ಟೋ ಜಾಗ ಆಗಿರಬಹುದು.

5. ಬಾಗಿಲು ಹುಡುಕೋದು

ಇದೇ ಮುಖ್ಯ ಹಂತ, ಇಲ್ಲಿ ಅವಸರ ಮಾಡ್ಬೇಡಿ.

ಸುತ್ತು ಗೋಡೆಯಲ್ಲಿ ಒಂದು ಕಡೆ ಮುಕ್ಕಾಲು ಮೀಟರ್ ಆಸುಪಾಸು ಖಾಲಿ ಇರತ್ತೆ. ಬರೀ ಖಾಲಿ ಇದ್ರೆ ಸಾಲಲ್ಲ, ಕಲ್ಲು ಯಾರೋ ಕಿತ್ಕೊಂಡು ಹೋಗಿರಬಹುದು. ಆ ಖಾಲಿ ಜಾಗದ ಎರಡೂ ಪಕ್ಕ ಉಳಿದವಕ್ಕಿಂತ ಎತ್ತರದ, ನೆಟ್ಟಗೆ ನಿಲ್ಲಿಸಿದ ಕಲ್ಲು ಇದೆಯಾ ನೋಡಿ, ಅದು ಬಾಗಿಲವಾಡ. ಕೆಳಗೆ ಅಡ್ಡಕ್ಕೆ ಒಂದು ಚಪ್ಪಟೆ ಕಲ್ಲು ಇದ್ರೆ ಅದು ಹೊಸ್ತಿಲು. ಎರಡೂ ಸಿಕ್ಕಿದ್ರೆ ಅನುಮಾನ ಬೇಡ. ನಮ್ಮಪ್ಪ ಮೊದಲ ಸಲ ಇಲ್ಲಿಗೆ ಬಂದಾಗ ನಾನು ಏನೂ ವಿವರಿಸಿರಲಿಲ್ಲ, ಆ ಕಲ್ಲು ಕಂಡ ಕೂಡ್ಲೇ ಕೈ ಇಟ್ಟು, ತಲೆ ಸ್ವಲ್ಪ ಬಗ್ಗಿಸಿ, ಹೊಸ್ತಿಲು ತುಳೀದೆ ದಾಟಿ ಒಳಗೆ ಹೋದ್ರು. ಮೇಲೆ ಬರೀ ಆಕಾಶ ಇತ್ತು.

ಈಗ ಒಳಗೆ ನಿಂತು ಹೊರಗೆ ಮುಖ ಮಾಡಿ ಕಂಪಾಸ್ ಹಿಡೀರಿ. ಹೆಚ್ಚಿನ ಮನೆಗಳಲ್ಲಿ ಬಾಗಿಲು ದಕ್ಷಿಣಕ್ಕೆ, ಇಲ್ಲ ಆಗ್ನೇಯಕ್ಕೆ ಮುಖ ಮಾಡಿರತ್ತೆ. ಈ ಬೆಟ್ಟದ ಮೇಲೆ ಗಾಳಿ ಮಳೆ ಮುಖ್ಯವಾಗಿ ನೈಋತ್ಯದಿಂದ, ಅಟ್ಲಾಂಟಿಕ್ ಕಡೆಯಿಂದ ಹೊಡೆಯತ್ತೆ, ಅದಕ್ಕೆ ಬೆನ್ನು ಕೊಟ್ಟು ಬೆಳಗಿನ ಬಿಸಿಲಿಗೆ ಮುಖ ಮಾಡಿದ ಬಾಗಿಲು ಅದು. ಗ್ರಿಮ್ಸ್‌ಪೌಂಡಲ್ಲಿ ಕೆಲವು ಮನೆಗಳ ಬಾಗಿಲ ಮುಂದೆ ಕೊಕ್ಕೆ ಥರ ಬಾಗಿದ ಮೋಟು ಗೋಡೆನೂ ಇದೆ, ಒಳಗೆ ನೇರ ಗಾಳಿ ನುಗ್ಗದ ಹಾಗೆ. ಅದು ಕೆಲಸ ಮಾಡತ್ತಾ ಅಂತ ನೋಡೋಕೆ ಸುಲಭ ದಾರಿ ಇದೆ: ಜೋರು ಗಾಳಿ ಇರೋ ದಿನ ಗೋಡೆ ಹೊರಗೆ ನಿಂತು ಕಿವಿ ಕೊಡಿ, ಆಮೇಲೆ ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ್ಕೊಳ್ಳಿ. ಕಿವಿಯಲ್ಲಿ ಭೋರ್ ಅಂತಿದ್ದ ಸದ್ದು ಒಂದೇ ಸಲಕ್ಕೆ ತಲೆ ಮೇಲಕ್ಕೆ ಹೋಗಿಬಿಡತ್ತೆ, ಫ್ಲಾಸ್ಕಿನ ಲೋಟದಿಂದ ಏಳೋ ಆವಿ ಅಲುಗಾಡದೆ ನೆಟ್ಟಗೆ ಏಳತ್ತೆ. ಇಷ್ಟು ವರ್ಷ ಆದ್ಮೇಲೂ ಆ ಗಿಡ್ಡ ಗೋಡೆ ತನ್ನ ಕೆಲಸ ಬಿಟ್ಟಿಲ್ಲ.

6. ಒಳಗಿನ ನೆಲ

ಇಳಿಜಾರಲ್ಲಿ ಮನೆ ಕಟ್ಟೋವಾಗ ಮೇಲ್ಗಡೆ ನೆಲ ಕಡಿದು ಕೆಳಗಡೆ ತುಂಬಿ ಸಮ ಮಾಡ್ಕೊಂಡಿದ್ದಾರೆ. ಹಾಗಾಗಿ ಸುತ್ತಲಿನ ಬೆಟ್ಟ ಓರೆ ಇದ್ರೂ ಉಂಗುರದೊಳಗೆ ಮಾತ್ರ ನೆಲ ಸಪಾಟಾಗಿದ್ರೆ ಅದೂ ಮನೆಯ ಗುರುತು. ಗೋಡೆ ಪೂರ್ತಿ ಹೋಗಿ ಬರೀ ಈ ಸಪಾಟು ಜಾಗ ಉಳಿದಿರೋ ಕಡೆಯೂ ಇದೆ, ಅದು ಅಭ್ಯಾಸ ಆದ ಕಣ್ಣಿಗೆ ಮಾತ್ರ.

1894 ಮತ್ತು 1895ರಲ್ಲಿ ಸೇಬೀನ್ ಬೇರಿಂಗ್ ಗೋಲ್ಡ್, ರಾಬರ್ಟ್ ಬರ್ನಾರ್ಡ್ ಮುಂತಾದವರಿದ್ದ ಡಾರ್ಟ್‌ಮೂರ್ ಎಕ್ಸ್‌ಪ್ಲೊರೇಷನ್ ಕಮಿಟಿಯವರು ಗ್ರಿಮ್ಸ್‌ಪೌಂಡ್ ಅಗೆದ್ರು. ಒಳಗೆ ಒಲೆ, ಅಡುಗೆ ಹೊಂಡ, ಗೋಡೆ ಪಕ್ಕ ಕಲ್ಲು ಕಟ್ಟಿ ಎತ್ತರಿಸಿದ ಜಗಲಿ ಸಿಕ್ತು. ಅಡುಗೆ ಹೊಂಡ ಅಂದ್ರೆ ಬೆಂಕಿಯಲ್ಲಿ ಕಾಯಿಸಿದ ಕಲ್ಲು ಹಾಕಿ ಆಹಾರ ಬೇಯಿಸ್ತಿದ್ದ ಗುಂಡಿ. ಮೂಳೆ ಮಾತ್ರ ಹುಡುಕಬೇಡಿ, ಗ್ರಾನೈಟ್ ಬೆಟ್ಟದ ಮಣ್ಣು ಹುಳಿ, ಮೂಳೆಯನ್ನ ಕರಗಿಸಿಬಿಡತ್ತೆ, ಈ ಜನ ಏನು ತಿಂದ್ರು ಅಂತ ಹೇಳೋದು ಕಷ್ಟ ಆಗಿರೋದಕ್ಕೆ ಇದೇ ಕಾರಣ. ಇನ್ನೊಂದು ವಿಷಯ, ಆ ಕಾಲದವರು ಅಗೆದಾದ್ಮೇಲೆ ಬಿದ್ದಿದ್ದ ಒಂದಿಷ್ಟು ಕಲ್ಲುಗಳನ್ನ ಮತ್ತೆ ನಿಲ್ಲಿಸಿದಾರೆ, ಹಾಗಾಗಿ ಅಲ್ಲಿ ತುಂಬ ಅಚ್ಚುಕಟ್ಟಾಗಿ ಕಾಣೋದೆಲ್ಲ ಕಂಚಿನ ಯುಗದ ಕೈಯದ್ದೇ ಅಂದ್ಕೋಬೇಡಿ.

ದುಂಡು ಮನೆ ಅನ್ನೋದು ಇಲ್ಲಿಯವರ ಸೊತ್ತೇನಲ್ಲ. ನಮ್ಮ ಬಳ್ಳಾರಿ ಕಡೆ ತೆಕ್ಕಲಕೋಟೆಯ ಗ್ರಾನೈಟ್ ಗುಡ್ಡದಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಗೆಸಿದಾಗ ಬಂಡೆಗಳ ನಡುವಿನ ಸಮತಟ್ಟು ಜಾಗದಲ್ಲಿ ಹೊಸ ಶಿಲಾಯುಗದ ದುಂಡು ಗುಡಿಸಲುಗಳ ಗುರುತು ಸಿಕ್ಕಿತ್ತು. ಊರಿಗೆ ಹೋದಾಗ ಆ ಗುಡ್ಡನೂ ಹತ್ತಿ ಬನ್ನಿ, ಇಲ್ಲಿ ಪಳಗಿದ ಕಣ್ಣಲ್ಲಿ ಅಲ್ಲಿನ ಜಾಗ ಬೇರೆ ಥರ ಕಾಣತ್ತೆ.

7. ಮೋಸ ಹೋಗೋ ಜಾಗಗಳು

ದುಂಡಗಿರೋದೆಲ್ಲ ಮನೆಯಲ್ಲ. ಜನ ನಂಗೆ ಕಳಿಸೋ ಫೋಟೋಗಳಲ್ಲಿ ಅತಿ ಹೆಚ್ಚು ತಪ್ಪಾಗೋದು ಲೂಟಿಯಾದ ಗೋರಿ. ಕಲ್ಲಿನ ಗುಡ್ಡೆಯ ಮಧ್ಯ ನಿಧಿ ಆಸೆಗೆ ಯಾವತ್ತೋ ಅಗೆದಿರ್ತಾರೆ, ನಡುವೆ ಗುಂಡಿ ಬಿದ್ದು ದೂರದಿಂದ ಉಂಗುರ ಥರ ಕಾಣತ್ತೆ. ಹತ್ರ ಹೋಗಿ ನೋಡಿದ್ರೆ ಒಳಮುಖದ ಸಾಲಿಲ್ಲ, ಬಾಗಿಲಿಲ್ಲ, ನೆಲ ಸಪಾಟಿಲ್ಲ. ಅದು ಹೆಚ್ಚಾಗಿ ನೆತ್ತಿಯ ಮೇಲಿರತ್ತೆ, ಮನೆಗಳು ಸಾಮಾನ್ಯವಾಗಿ ಗಾಳಿಗೆ ಮರೆಯಾದ ಇಳಿಜಾರಲ್ಲಿ, ನೀರಿಗೆ ಹತ್ರ.

ಚೌಕ, ಉದ್ದ ಚೌಕದ ಅವಶೇಷ ಕಂಡ್ರೆ ಅದು ಬಹಳ ಈಚಿನದು. ಹೌಂಡ್ ಟಾರ್ ಹತ್ರ ಇರೋ ಪಾಳು ಹಳ್ಳಿ ಮಧ್ಯಯುಗದ್ದು, ಮನೆಗಳು ಉದ್ದಕ್ಕೆ, ಒಂದು ತುದಿಯಲ್ಲಿ ಜನ ಇನ್ನೊಂದು ತುದಿಯಲ್ಲಿ ದನ. ಹಳ್ಳದ ಪಕ್ಕ ಮಣ್ಣು ಗುಡ್ಡೆಗಳ ನಡುವೆ ಸಣ್ಣ ಚೌಕ ಕಟ್ಟಡ ಇದ್ರೆ ತವರದ ಅದಿರು ತೊಳೀತಿದ್ದ ಕೂಲಿಗಳ ಗುಡಿಸಲು. ಎದೆಯೆತ್ತರ ನೀಟಾಗಿ ಪೇರಿಸಿದ ಗೋಡೆ ಇದ್ರೆ ಕುರಿದೊಡ್ಡಿ. ಕಲ್ಲು ಕಲ್ಲಿನ ಮಧ್ಯ ಅಗಲ ಜಾಗ ಬಿಟ್ಟು ನೆಟ್ಟ ದೊಡ್ಡ ಚಕ್ರ ಕಂಡ್ರೆ ಅದು ಸ್ಟೋನ್ ಸರ್ಕಲ್, ಆಚರಣೆಯ ಜಾಗ, ವಾಸದ್ದಲ್ಲ.

ಮೆರಿವೇಲ್‌ನಲ್ಲಿ ಒಂದು ವಿಶೇಷ ಎಚ್ಚರಿಕೆ. ಪ್ರಿನ್ಸ್‌ಟೌನ್ ಹತ್ರ ಬಿ 3357 ರಸ್ತೆ ಪಕ್ಕದಲ್ಲೇ ಇರೋ ಜಾಗ ಇದು, ಫೋರ್ ವಿಂಡ್ಸ್ ಕಾರ್ ಪಾರ್ಕಲ್ಲಿ ನಿಲ್ಲಿಸಿದ್ರೆ ಐದು ಹತ್ತು ನಿಮಿಷದ ನಡಿಗೆ, ಒಂದೇ ಬಯಲಲ್ಲಿ ಮನೆ ಬುಡ, ಜೋಡಿ ಕಲ್ಲುಸಾಲು, ಸಿಸ್ಟ್, ನಿಂತ ಕಲ್ಲು ಎಲ್ಲ ಸಿಗತ್ತೆ, ಗೋರಿಗೂ ಮನೆಗೂ ವ್ಯತ್ಯಾಸ ಕಲಿಯೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಅಲ್ಲಿ ಮನೆಗಳ ನಡುವೆ ಬೀಸೋ ಕಲ್ಲಿನ ಥರ ಒಂದು ದೊಡ್ಡ ಗುಂಡು ಕಲ್ಲು ಮಲಗಿದೆ. ಎಲ್ಲರೂ ಅದರ ಮೇಲೆ ಮಕ್ಕಳನ್ನ ಕೂರಿಸಿ "ಆದಿಮಾನವರ ಬೀಸೋಕಲ್ಲು" ಅಂತ ಫೋಟೋ ತೆಗೀತಾರೆ. ಅದು ಸೇಬು ಜಜ್ಜೋಕೆ ಅಂತ ಇತ್ತೀಚಿನ ಶತಮಾನಗಳಲ್ಲಿ ಕಡೆದು, ಸಾಗಿಸದೆ ಅಲ್ಲೇ ಬಿಟ್ಟಿರೋ ಕಲ್ಲು.

ಇನ್ನು ರೀವ್ ಅನ್ನೋದು. ನೆಲದ ಮೇಲೆ ಮೊಣಕಾಲಿಗಿಂತ ಗಿಡ್ಡ ಕಲ್ಲಿನ ಏರಿ ಕಿಲೋಮೀಟರುಗಟ್ಟಲೆ ನೆಟ್ಟಗೆ ಹೋಗಿರತ್ತೆ, ಒಂದರ ಪಕ್ಕ ಒಂದು ಸಮಾನಾಂತರ. ಜನ ಅದನ್ನ ಹಳೇ ರಸ್ತೆ ಅಂದ್ಕೊಂತಾರೆ. ಅದು ಹೊಲದ ಬದು! ಇದೇ ಮನೆಗಳಲ್ಲಿದ್ದ ಜನರ ಜಮೀನಿನ ಗಡಿ. 1970ರ ದಶಕದಲ್ಲಿ ಆಂಡ್ರೂ ಫ್ಲೆಮಿಂಗ್ ಅನ್ನೋ ಪುರಾತತ್ವಜ್ಞರು ಇವನ್ನ ನಡೆದು ನಡೆದು ಗುರುತು ಮಾಡಿ ಕಂಚಿನ ಯುಗದ್ದು ಅಂತ ತೋರಿಸೋವರೆಗೂ ಇವು ಎಷ್ಟು ಹಳೇವು ಅನ್ನೋದು ಸರಿಯಾಗಿ ಯಾರಿಗೂ ಹಿಡಿದಿರಲಿಲ್ಲ. ಸಂಜೆ ಹೊತ್ತು ಕೂಂಬ್‌ಸ್ಟೋನ್ ಟಾರ್ ಮೇಲಿಂದ ನೋಡಿ, ಎದುರು ಇಳಿಜಾರಲ್ಲಿ ಗೆರೆ ಎಳೆದ ಹಾಗೆ ಕಾಣತ್ತೆ. ನಂಗೆ ಮನೆಗಳಿಗಿಂತ ಇದೇ ಹೆಚ್ಚು ಆಶ್ಚರ್ಯ, ಮಧ್ಯ ಹಳ್ಳ ಅಡ್ಡ ಬಂದ್ರೂ ದಾಟಿ ಆ ಕಡೆ ಅದೇ ದಿಕ್ಕಲ್ಲಿ ಮುಂದುವರಿಯತ್ತೆ, ಅಂದ್ರೆ ಎಷ್ಟೋ ಮನೆಯವರು ಕೂತು ಮಾತಾಡಿ ಒಪ್ಪಂದ ಮಾಡ್ಕೊಂಡು ಹಾಕಿರೋ ಬದು ಅದು.

8. ಅಪಾಯ ಮತ್ತು ಕಾನೂನು

ಡಾರ್ಟ್‌ಮೂರಿನ ಉತ್ತರ ಭಾಗದಲ್ಲಿ ಸೈನ್ಯದವರು ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡೋ ಮೂರು ರೇಂಜ್ ಇವೆ, ಓಕ್‌ಹ್ಯಾಂಪ್ಟನ್, ವಿಲ್ಸ್‌ವರ್ದಿ, ಮೆರಿವೇಲ್. ಗಡಿಗೆ ಕೆಂಪು ಬಿಳಿ ಬಣ್ಣದ ಕಂಬ ಇರತ್ತೆ. ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಇದ್ರೆ ಒಳಗೆ ಹೋಗಲೇಬಾರದು, ವೇಳಾಪಟ್ಟಿ ಮೊದಲೇ ಆನ್‌ಲೈನ್ ಹಾಕಿರ್ತಾರೆ ನೋಡ್ಕೊಂಡು ಹೊರಡಿ. ನಾನು ಹೇಳಿದ ಗ್ರಿಮ್ಸ್‌ಪೌಂಡೂ ಮೆರಿವೇಲ್ ಕಲ್ಲುಸಾಲಿನ ಜಾಗನೂ ರೇಂಜಿನ ಹೊರಗೇ ಇವೆ. ಎಲ್ಲೇ ಆಗ್ಲಿ, ಲೋಹದ ವಿಚಿತ್ರ ವಸ್ತು ಬಿದ್ದಿದ್ರೆ ಮುಟ್ಟಬೇಡಿ.

ಜೌಗು ಇನ್ನೊಂದು. ಹಚ್ಚ ಹಸಿರು, ಮೆತ್ತಗೆ ಹಾಸಿಗೆ ಥರ ಕಾಣೋ ಪಾಚಿ ಜಾಗಕ್ಕೆ ಕಾಲಿಡಬೇಡಿ, ಕೆಳಗೆ ನೀರು. ಕಂದು ಹುಲ್ಲು, ಕಲ್ಲು ಇರೋ ಕಡೆ ಸುತ್ತು ಹಾಕಿ ಹೋಗಿ. ಮಂಜು ಇಳಿದ್ರೆ ಗಾಬರಿಯಿಂದ ಅಡ್ಡಾದಿಡ್ಡಿ ನಡೀಬೇಡಿ, ಕಂಪಾಸ್ ಹಿಡಿದು ರಸ್ತೆ ಇರೋ ದಿಕ್ಕಿಗೆ ನಡೀರಿ. ಯಾರಿಗಾದ್ರೂ ಪೆಟ್ಟಾದ್ರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಅನ್ನಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ, ಗ್ರಿಡ್ ನಂಬರ್ ಓದಿ ಹೇಳಿ.

ಕಾನೂನು ವಿಷಯ. ಡಾರ್ಟ್‌ಮೂರಲ್ಲಿ ಸಾವಿರಕ್ಕೂ ಹೆಚ್ಚು ಶೆಡ್ಯೂಲ್ಡ್ ಮಾನ್ಯುಮೆಂಟ್ ಇವೆ, ಅಂದ್ರೆ 1979ರ ಕಾಯ್ದೆಯ ರಕ್ಷಣೆ ಇರೋ ಸ್ಮಾರಕಗಳು. ಅನುಮತಿ ಇಲ್ಲದೆ ಅಗೆಯೋದು, ಕಲ್ಲು ಸರಿಸೋದು, ಮೆಟಲ್ ಡಿಟೆಕ್ಟರ್ ಬಳಸೋದು ಅಪರಾಧ. ಶಿಕ್ಷೆ ಭಯಕ್ಕಿಂತ ಮುಖ್ಯ ಕಾರಣ ಬೇರೆ, ಒಂದು ಕಲ್ಲು ಜಾಗ ಬದಲಾಯಿಸಿದ್ರೆ ಬಾಗಿಲು ಎಲ್ಲಿತ್ತು ಅನ್ನೋ ಉತ್ತರನೇ ಅಳಿಸಿಹೋಗತ್ತೆ. ನೆನಪಿಗೆ ಅಂತ ಪುಟ್ಟ ಕಲ್ಲೂ ತರಬೇಡಿ, ಒಂದರ ಮೇಲೊಂದು ಕಲ್ಲು ಪೇರಿಸಿ ಗೋಪುರ ಮಾಡಬೇಡಿ, ಮಕ್ಕಳನ್ನ ಗೋಡೆ ಮೇಲೆ ನಡೆಸಬೇಡಿ, ಒಳಗೆ ಬೆಂಕಿ ಹಾಕ್ಲೇಬೇಡಿ. ಹೆಗಲ ಚೀಲದಲ್ಲಿ ಹೊರೋ ಅಷ್ಟು ಸಣ್ಣ ಟೆಂಟ್ ಹಾಕಿ ಒಂದೆರಡು ರಾತ್ರಿ ಇರೋಕೆ ಕೆಲವು ಬಯಲುಗಳಲ್ಲಿ ಅವಕಾಶ ಇದೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನ ಎತ್ತಿಹಿಡೀತು, ಎಲ್ಲೆಲ್ಲಿ ಅಂತ ನ್ಯಾಷನಲ್ ಪಾರ್ಕಿನವರ ಮ್ಯಾಪ್ ನೋಡಿ, ಆದ್ರೆ ಮನೆ ಬುಡದೊಳಗೆ ಟೆಂಟಿನ ಗೂಟ ಹೊಡೀಬಾರದು. ನಾಯಿ ಇದ್ರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಹಗ್ಗ ಬಿಚ್ಚಬೇಡಿ, ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳ ಕಾಲ ಅದು.

9. ಫೋಟೋ, ಟಿಪ್ಪಣಿ, ಮುಂದಿನ ಜಾಗ

ಫೋಟೋ ತೆಗೆಯೋವಾಗ ಒಬ್ಬರನ್ನ ಬಾಗಿಲಲ್ಲಿ ನಿಲ್ಲಿಸಿ, ನೀವು ಸ್ವಲ್ಪ ಮೇಲ್ಗಡೆ ಇಳಿಜಾರಿಗೆ ಹತ್ತಿ ತೆಗೀರಿ. ಅದೇ ಮಟ್ಟದಲ್ಲಿ ನಿಂತು ತೆಗೆದ್ರೆ ಕಲ್ಲು ರಾಶಿ ಬಿಟ್ಟು ಏನೂ ಬರಲ್ಲ, ಮನೆಗೆ ಹೋಗಿ ಯಾರಿಗೂ ತೋರಿಸಕ್ಕೂ ಆಗಲ್ಲ. ಒಂದು ಪುಟ್ಟ ನೋಟ್‌ಬುಕ್ಕಲ್ಲಿ ಗ್ರಿಡ್ ನಂಬರ್, ಒಳ ಅಡ್ಡಳತೆ, ಬಾಗಿಲ ದಿಕ್ಕು, ಈ ಮೂರೇ ಬರ್ಕೊಳ್ಳಿ. ಹತ್ತು ಮನೆ ಆಗೋ ಹೊತ್ತಿಗೆ ಹನ್ನೊಂದನೇದರ ಬಾಗಿಲು ಎಲ್ಲಿರತ್ತೆ ಅಂತ ದೂರದಿಂದಲೇ ಹೇಳ್ತೀರ.

ಗ್ರಿಮ್ಸ್‌ಪೌಂಡ್, ಮೆರಿವೇಲ್ ಆದ್ಮೇಲೆ ಮೂರನೇ ಜಾಗಕ್ಕೆ ಚಾಗ್‌ಫರ್ಡ್ ಹತ್ರದ ಕೆಸ್ಟರ್ ಒಳ್ಳೇದು, ರಸ್ತೆ ಪಕ್ಕದಲ್ಲೇ ರೌಂಡ್ ಪೌಂಡ್ ಅನ್ನೋ ದುಂಡು ಸುತ್ತುಗೋಡೆಯೊಳಗೆ ಸುಮಾರು 11 ಮೀಟರ್ ಅಗಲದ ದೊಡ್ಡ ಮನೆ ಇದೆ, 1951-52ರಲ್ಲಿ ಐಲೀನ್ ಫಾಕ್ಸ್ ಅಗೆದದ್ದು, ಹಳೇ ಹೊಲದ ಬದುಗಳೂ ಜೊತೆಗೇ ಕಾಣ್ತವೆ. ರಸ್ತೆ ಬಹಳ ಕಿರಿದು, ಎದುರಿಂದ ಟ್ರಾಕ್ಟರ್ ಬಂದ್ರೆ ಹಿಂದಕ್ಕೆ ತಗೊಂಡು ಹೋಗೋಕೆ ಸಿದ್ಧರಿರಿ. ಮ್ಯಾಂಚೆಸ್ಟರ್ ಲಿವರ್‌ಪೂಲ್ ಕಡೆಯವರಿಗೆ ಡೆವನ್ ದೂರ ಅನಿಸಿದ್ರೆ ವೇಲ್ಸಿನ ಹೋಲಿಹೆಡ್ ಬೆಟ್ಟದ ಬುಡದಲ್ಲಿ ಟೀ ಮೌರ್ ಅನ್ನೋ ಜಾಗದಲ್ಲಿ ಸುಮಾರು ಇಪ್ಪತ್ತು ದುಂಡು ಮನೆ ಬುಡ ಇವೆ, ಲಿನ್ ಪರ್ಯಾಯದ್ವೀಪದ ಟ್ರೇರ್ ಕೇರಿ ಕೋಟೆಯಲ್ಲಿ ನೂರೈವತ್ತರ ಆಸುಪಾಸು. ಇವು ಡಾರ್ಟ್‌ಮೂರಿನವಕ್ಕಿಂತ ಈಚಿನವು, ಕಬ್ಬಿಣ ಯುಗ ಮತ್ತು ರೋಮನ್ ಕಾಲದವು, ನೋಡೋ ಕ್ರಮ ಮಾತ್ರ ಇದೇ: ಒಳಮುಖದ ಸಾಲು, ಬಾಗಿಲವಾಡ, ಸಪಾಟು ನೆಲ.

ಎಲ್ಲಾದ್ರೂ ಹೊಸದಾಗಿ ಕಲ್ಲು ಕಿತ್ತಿರೋದು, ಬೆಂಕಿ ಹಾಕಿ ಕಲ್ಲು ಸೀಳಿರೋದು ಕಂಡ್ರೆ ಒಂದು ಫೋಟೋ, ಗ್ರಿಡ್ ನಂಬರ್ ಸಮೇತ ನ್ಯಾಷನಲ್ ಪಾರ್ಕ್ ಕಚೇರಿಗೆ ಇಮೇಲ್ ಮಾಡಿ. ಕಿತ್ತ ಕಲ್ಲನ್ನ ನೀವೇ ವಾಪಸ್ ಇಡೋಕೆ ಹೋಗ್ಬೇಡಿ, ಎಷ್ಟೇ ಒಳ್ಳೇ ಮನಸ್ಸಿಂದ ಆದ್ರೂ, ಅದು ಯಾವ ಗುಳಿಯಿಂದ ಬಂತು ಅಂತ ನೋಡಿ ಹೇಳೋ ಪುರಾತತ್ವದವರು ಬರೋವರೆಗೂ ಬಿದ್ದಲ್ಲೇ ಇರಲಿ.